ಇಬ್ರೂ ಬಿ ಪಾಸಿಟಿವ್, ಮಗು ಓ ನೆಗೆಟಿವ್. ಇದು ಹೇಗೆ ಸಾಧ್ಯ ದಯವಿಟ್ಟು ಗೊತ್ತಿರೋರು ಹೇಳಿ

ತುಮಕೂರಿನ ಬಾಣಂತಿ
ಎಲ್ರಿಗೂ ನಮಸ್ಕಾರ. ತವರುಮನೇಲಿದೀನಿ, ಮಗುಗೆ ಈಗ 40 ದಿನ, ಅದು ಮಲಗಿದ ಮೇಲೆ ಟೈಪ್ ಮಾಡ್ತಿದೀನಿ ತಪ್ಪಿದ್ರೆ ಕ್ಷಮಿಸಿ. ನಂದು ಬಿ ಪಾಸಿಟಿವ್, ನಮ್ಮನೆಯವ್ರದ್ದೂ ಬಿ ಪಾಸಿಟಿವ್. ಮಗುಗೆ ಕಾಮಾಲೆ ಸ್ವಲ್ಪ ಜಾಸ್ತಿ ಇದೆ ಅಂತ ಮೂರನೇ ದಿನ ರಕ್ತ ತಗೊಂಡಿದ್ರು, ಡಿಸ್ಚಾರ್ಜ್ ಮಾಡುವಾಗ ಕೊಟ್ಟ ಕಾರ್ಡಲ್ಲಿ ಓ ನೆಗೆಟಿವ್ ಅಂತ ಬರೆದಿದ್ರು. ನಾನು ಅದನ್ನ ಸರಿಯಾಗಿ ನೋಡಿರ್ಲೂ ಇಲ್ಲ. ನಾಮಕರಣದ ದಿನ ನಮ್ಮತ್ತೆ ಆ ಕಾರ್ಡ್ ಕೈಗೆ ತಗೊಂಡು ಎಲ್ಲಾರ ಎದುರಿಗೇ "ಅಪ್ಪಂದೂ ಬಿ ಅಮ್ಮಂದೂ ಬಿ, ನಮ್ಮ ವಂಶದಲ್ಲೇ ಇಲ್ದಿರೋ ರಕ್ತ ಇದಕ್ಕೆಲ್ಲಿಂದ ಬಂತಮ್ಮ" ಅಂದ್ರು. ಇನ್ನೇನೂ ಹೇಳ್ಲಿಲ್ಲ ಅಷ್ಟೇ. ಆದ್ರೆ ತೊಟ್ಟಿಲ ಹತ್ರ ನಿಂತಿದ್ದ ಹದಿನೈದಿಪ್ಪತ್ತು ಹೆಂಗಸರು ಒಂದೇ ಸಲ ಸುಮ್ಮನಾದ್ರು ನೋಡಿ, ಅದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ನಮ್ಮನೆಯವ್ರು ನನ್ನ ಮೇಲೆ ಡೌಟ್ ಪಡೋರಲ್ಲ, ಆದ್ರೆ ಅವ್ರ ಹತ್ರ ಉತ್ತರಾನೂ ಇರ್ಲಿಲ್ಲ. ನನಗೂ ಇಲ್ಲ. ಪಿಯುಸಿ ಸೈನ್ಸ್ ಓದಿದೀನಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿದೆ. ಇದು ಆಗೋ ಮಾತಾ, ಇಲ್ಲ ಆಸ್ಪತ್ರೇಲಿ ಏನಾದ್ರೂ ಅದಲು ಬದಲಾಗಿರ್ಬಹುದಾ?

ಲ್ಯಾಬ್ ಮೈಸೂರು
ತಂಗಿ ಮೊದಲು ಸಮಾಧಾನ ಮಾಡ್ಕೊಳ್ಳಿ. ಖಂಡಿತ ಆಗತ್ತೆ. ರಕ್ತನಿಧಿಯಲ್ಲಿ 14 ವರ್ಷದಿಂದ ಟೆಕ್ನಿಷಿಯನ್ ಆಗಿದೀನಿ, ಇದೇ ಪ್ರಶ್ನೆ ಇಟ್ಕೊಂಡು ಬರೋ ದಂಪತಿಗಳನ್ನ ಎಷ್ಟು ನೋಡಿದೀನೋ ಲೆಕ್ಕ ಇಲ್ಲ.

ನಾವು ಗ್ರೂಪ್ ನೋಡೋದು ಹೇಗೆ ಅಂದ್ರೆ ಬಿಳಿ ಟೈಲ್ ಮೇಲೆ ಮೂರು ತೊಟ್ಟು ರಕ್ತ ಇಟ್ಟು ಒಂದಕ್ಕೆ ನೀಲಿ ದ್ರವ, ಇನ್ನೊಂದಕ್ಕೆ ಹಳದಿ, ಮೂರನೇದಕ್ಕೆ ಬಣ್ಣ ಇಲ್ಲದ್ದು ಹಾಕಿ ಕಡ್ಡೀಲಿ ಕಲಸ್ತೀವಿ. ನೀಲಿಯಲ್ಲಿ ಹಾಲು ಒಡೆದ ಹಾಗೆ ರಕ್ತ ಗಂಟುಗಂಟಾದ್ರೆ ಎ, ಹಳದಿಯಲ್ಲಿ ಆದ್ರೆ ಬಿ, ಎರಡರಲ್ಲೂ ಆದ್ರೆ ಎಬಿ, ಎರಡರಲ್ಲೂ ಆಗ್ಲಿಲ್ಲ ಅಂದ್ರೆ ಓ. ಮೂರನೇದು ಪಾಸಿಟಿವ್ ನೆಗೆಟಿವ್ ಹೇಳತ್ತೆ. ಅಂದ್ರೆ ಟೈಲ್ ಹೇಳೋದು ಮೇಲೆ ಏನು ಕಾಣ್ತಿದೆ ಅಂತ ಮಾತ್ರ, ಒಳಗೆ ಏನು ಬಚ್ಚಿಟ್ಕೊಂಡಿದೆ ಅಂತ ಅದು ಹೇಳಲ್ಲ, ಎಲ್ಲಾ ಎಡವಟ್ಟು ಆಗೋದು ಇಲ್ಲೇ.

ಈ ಗ್ರೂಪಿನ ಜೀನ್ ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರತ್ತೆ, ಅಪ್ಪನಿಂದ ಒಂದು ಅಮ್ಮನಿಂದ ಒಂದು. ಕೆಂಪು ರಕ್ತಕಣದ ಮೇಲೆ ಗೂಟ ಹೊಡೆದಿದೆ ಅಂದ್ಕೊಳ್ಳಿ. ಎ ಜೀನ್ ಆ ಗೂಟಕ್ಕೆ ಒಂದು ಥರದ ಸಕ್ಕರೆ ಅಂಶ ತಗುಲಿಹಾಕತ್ತೆ, ಬಿ ಜೀನ್ ಇನ್ನೊಂದು ಥರದ್ದು. ಓ ಜೀನ್ ಏನೂ ತಗುಲಿಹಾಕಲ್ಲ, ಗೂಟ ಖಾಲಿ ಬಿಡತ್ತೆ. ಈಗ ನಿಮ್ಮಲ್ಲಿ ಒಂದು ಬಿ, ಒಂದು ಓ ಇದೆ ಅನ್ನಿ. ಬಿ ತನ್ನ ಕೆಲಸ ಮಾಡತ್ತೆ, ಟೈಲ್ ಮೇಲೆ ಬಿ ಅಂತ್ಲೇ ಬರತ್ತೆ, ಓ ಇರೋದು ಗೊತ್ತೇ ಆಗಲ್ಲ. ನಿಮ್ಮ ಯಜಮಾನ್ರದ್ದೂ ಹಾಗೇ ಇದ್ದು ಇಬ್ರೂ ಆ ಓ ಪ್ರತಿಯನ್ನೇ ಮಗುಗೆ ಕೊಟ್ರೆ ಮಗು ಓ. ನೆಗೆಟಿವ್ ಕಥೇನೂ ಅದೇ, ಪಾಸಿಟಿವ್ ಪ್ರತಿ ಒಂದಿದ್ರೂ ಸಾಕು ಪಾಸಿಟಿವ್ ಅಂತ ಬರತ್ತೆ, ಜೊತೇಲಿರೋ ನೆಗೆಟಿವ್ ಪ್ರತಿ ಕಾಣಲ್ಲ.

ಹಾಂ ಇನ್ನೊಂದು, ಹುಟ್ಟಿದ ಮಕ್ಕಳ ರಕ್ತಕಣದ ಮೇಲೆ ಎ, ಬಿ ಗುರುತು ಇನ್ನೂ ಗಟ್ಟಿ ಆಗಿರಲ್ಲ, ಕೆಲವೊಮ್ಮೆ ತಪ್ಪಿ ಓ ಅಂತ ಓದೋದುಂಟು. ಹಾಗಾಗಿ ಒಂದ್ಸಲ ಒಳ್ಳೇ ಲ್ಯಾಬಲ್ಲಿ ಟ್ಯೂಬ್ ಮೆಥಡ್‌ನಲ್ಲಿ ಮತ್ತೆ ನೋಡ್ಸಿ. ಮನೇಲಿ ಗಲಾಟೆ ಆಗ್ತಿದೆ ಅಂತಲ್ಲ, ಮಗು ಕಾರ್ಡ್ ಸರಿ ಇರ್ಲಿ ಅಂತ.

ಸಾಗರದ ಮೇಷ್ಟ್ರು
ಲ್ಯಾಬಿನವರು ಚೆನ್ನಾಗಿ ಹೇಳಿದರು, ನಾನು ಲೆಕ್ಕ ಸೇರಿಸ್ತೇನೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು, ಈ ಪಾಠ ಅಂದ್ರೆ ನನಗೆ ಇವತ್ತಿಗೂ ಪ್ರಾಣ.

ಇಬ್ಬರಲ್ಲೂ ಬಿ-ಓ ಇದ್ದರೆ ಮಗುವಿಗೆ ಓ-ಓ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಲ್ಲೂ ನೆಗೆಟಿವ್ ಪ್ರತಿ ಅಡಗಿದ್ದರೆ ಮಗು ನೆಗೆಟಿವ್ ಆಗುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಜೀನ್‌ಗಳು ಸಾಲಾಗಿ ಕೂತಿರುವ ಎಳೆಗೆ ವರ್ಣತಂತು ಅಂತಾರೆ. ಗ್ರೂಪಿನ ಜೀನ್ ಇರೋದು 9ನೇ ವರ್ಣತಂತುವಿನಲ್ಲಿ, ಪಾಸಿಟಿವ್ ನೆಗೆಟಿವ್ ಜೀನ್ ಇರೋದು 1ನೇ ವರ್ಣತಂತುವಿನಲ್ಲಿ, ಒಂದರ ಹಂಗು ಇನ್ನೊಂದಕ್ಕಿಲ್ಲ, ಅದಕ್ಕೇ ಎರಡನ್ನೂ ಗುಣಿಸಬೇಕು. ಹದಿನಾರರಲ್ಲಿ ಒಂದು. ಅಪರೂಪ ಹೌದು, ಆಶ್ಚರ್ಯ ಏನಲ್ಲ.

ಈ ಹದಿನಾರನ್ನು ಮೊದಲು ಕಂಡವರು ಗ್ರೆಗರ್ ಮೆಂಡೆಲ್. ಈಗಿನ ಚೆಕ್ ದೇಶದ ಬರ್ನೋ ಊರಿನ ಮಠದಲ್ಲಿದ್ದ ಪಾದ್ರಿ. 1856ರಿಂದ ಸುಮಾರು ಎಂಟು ವರ್ಷ ಮಠದ ಹಿತ್ತಲಲ್ಲಿ ಬಟಾಣಿ ಬೆಳೆದರು. ಗುಂಡು ಹಳದಿ ಕಾಳಿನ ಗಿಡಕ್ಕೆ ಸುಕ್ಕು ಹಸಿರು ಕಾಳಿನ ಗಿಡ ಕೂಡಿಸಿದರೆ ಬಂದದ್ದೆಲ್ಲ ಗುಂಡು ಹಳದಿಯೇ, ಸುಕ್ಕು ಹಸಿರು ಅಳಿದೇ ಹೋಯಿತು ಅನ್ನಿಸಬೇಕು ಹಾಗೆ. ಆ ಕಾಳನ್ನು ಬಿತ್ತಿ ಮುಂದಿನ ತಲೆಮಾರಿನ 556 ಕಾಳು ಕೂತು ಎಣಿಸಿದರು. ಗುಂಡು ಹಳದಿ 315, ಗುಂಡು ಹಸಿರು 108, ಸುಕ್ಕು ಹಳದಿ 101, ಸುಕ್ಕು ಹಸಿರು 32. ಆ 32 ಎಷ್ಟಾಯಿತು ನೋಡಿ, ಹೆಚ್ಚುಕಡಿಮೆ ಹದಿನಾರರಲ್ಲಿ ಒಂದು. ಅವುಗಳ ಅಪ್ಪ ಅಮ್ಮ ಎರಡೂ ಗುಂಡು, ಎರಡೂ ಹಳದಿ. ನಿಮ್ಮ ಮಗು ಆ ಮೂವತ್ತೆರಡರಲ್ಲಿ ಒಂದು ಕಾಳು ಮಗಳೇ, ಅಷ್ಟೇ. 1866ರಲ್ಲಿ ಅಚ್ಚಾದ ಆ ಲೆಕ್ಕವನ್ನು 1900ರವರೆಗೆ ಹೆಚ್ಚಿನವರು ಕಣ್ಣೆತ್ತಿ ನೋಡಲಿಲ್ಲ, ಅಷ್ಟರಲ್ಲಿ ಅವರು ತೀರಿಕೊಂಡು 16 ವರ್ಷ ಆಗಿತ್ತು. ಇದನ್ನು ಹೇಳುವಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗ್ತದೆ.

ರಾಣೆಬೆನ್ನೂರ ಬೀಜದಾಂವ
ಮೇಷ್ಟ್ರ ಮಾತು ಕೇಳಿ ಖುಷಿ ಆತ್ರಿ. ನಮ್ಮ ಕಡಿ ಇದ ಕೆಲಸ ನೋಡ್ರಿ, ಕಂಪನಿಗೆ ಟೊಮ್ಯಾಟೊ ಬೀಜ ಮಾಡಿ ಕೊಡೋದು. ಅರಳೋಕಿಂತ ಮೊದಲ ಮೊಗ್ಗಿನ ಒಳಗಿನ ಹಳದಿ ಗಂಡು ಭಾಗ ಚಿಮಟಾದಿಂದ ತಗದ ಒಗಿಬೇಕು, ಸ್ವಲ್ಪ ತಡಾ ಆದ್ರ ಅದು ತನಗ ತಾನ ಪರಾಗ ಹಚ್ಕೊಂಬಿಡತೈತಿ. ಆಮ್ಯಾಲ ಗಂಡು ಸಾಲಿನ ಪರಾಗ ತಂದು ಹೆಣ್ಣು ಹೂವಿಗೆ ಮುಟ್ಟಸ್ತಾರ, ಗುರ್ತು ಇರ್ಲಿ ಅಂತ ಹೂವಿನ ಹಸರ ಎಸಳು ಎರಡು ಕತ್ತರಸ್ತಾರ. ಹಣ್ಣು ಹರಿಯೋ ಮುಂದ ಆ ಕತ್ತರಿಸಿದ ಗುರ್ತು ಇಲ್ಲಂದ್ರ ಆ ಹಣ್ಣು ಬೀಜಕ್ಕ ತಗೊಳ್ಳಂಗಿಲ್ಲ. ಎಲ್ಲಾ ಹೆಣ್ಮಕ್ಕಳ ಕೈಯಾಗಿನ ಕೆಲಸ, ದಿನಾ ನೂರಾರು ಹೂವು, ಕುತಗಿ ಬೀಳತೈತಿ.

ನಾ ಯಾಕ ಹೇಳಾಕತ್ತೇನಿ ಅಂದ್ರ ಆ ಹೈಬ್ರಿಡ್ ಬೀಜ ಹಾಕಿದವರ ಹೊಲದಾಗ ಎಲ್ಲಾ ಹಣ್ಣು ಒಂದ ಅಳತಿ ಬರ್ತಾವ. ಅದ ಹಣ್ಣಿನ ಬೀಜ ಇಟ್ಟು ಮುಂದಿನ ಸಲ ಹಾಕಿದ್ರ ಒಂದು ದುಂಡಗ, ಒಂದು ಉದ್ದ, ಒಂದು ಸಣ್ಣದು, ಒಂದು ಅಜ್ಜನಂಗ ಒಂದು ಅಜ್ಜಿಯಂಗ. ರೈತರು ಬೀಜದಾಗ ಮೋಸ ಐತಿ ಅಂತ ಬಂದು ಜಗಳಾ ತಗೀತಾರ. ಮೋಸ ಇಲ್ರಿ ಅದು, ಒಳಗ ಮುಚ್ಚಿಕೊಂಡು ಕುಂತಿದ್ದು ಹೊರಗ ಬಂದಿರತೈತಿ. ನಿಮ್ಮತ್ತೀಗೆ ಇದನ್ನ ಹೇಳ್ರಿ ಯಕ್ಕಾ.

ಮಂಡ್ಯ ಡೇರಿ
ಅಣ್ಣ ಸರ್ಯಾಗ್ ಹೇಳ್ದೆ. ನಮ್ಮನೇಲೂ ಆಗದೆ. ಕಪ್ಪುಬಿಳಿ ಎಚ್‌ಎಫ್ ಹಸಿಗೆ ಕಪ್ಪುಬಿಳಿ ಹೋರಿದೇ ಇಂಜೆಕ್ಷನ್ ಕೊಡ್ಸಿದ್ವಿ, ಕರು ಹುಟ್ಟುದ್ರೆ ಕೆಂಪುಬಿಳಿ! ಇಂಜೆಕ್ಷನ್ ಕೊಟ್ಟೋರ್ನ ಬೈದ್ ಬಿಟ್ರು ನಮ್ಮಪ್ಪ, ಯಾವ್ದೋ ಬೇರೆ ಹಾಕೌನೆ ಅಂತ. ಆಮೇಲೆ ಗೊತ್ತಾಯ್ತು ಆ ಜಾತೀಲಿ ಕೆಂಪು ಜೀನ್ ಒಳಗೇ ಅಡ್ಗಿರ್ತದೆ, ಎರಡೂ ಕಡೆಯಿಂದ ಬಂದ್ರೆ ಮಾತ್ರ ತೋರುಸ್ತದೆ ಅಂತ. ಕರು ಈಗ ದಿನಕ್ಕೆ 14 ಲೀಟ್ರು ಕರೀತದೆ. ತಂಗಿ ನೀನು ತಲೆ ಕೆಡುಸ್ಕೋಬ್ಯಾಡ.

ಸುಮ್ನೆ ಓದೋನು
ಇಷ್ಟೆಲ್ಲಾ ಯಾಕೆ, ಒಂದು ಡಿಎನ್‌ಎ ಟೆಸ್ಟ್ ಮಾಡ್ಸಿ ಅತ್ತೆ ಕೈಗೆ ಕೊಟ್ಬಿಡಿ. ಬಾಯಿ ಮುಚ್ಚತ್ತೆ.

ಲ್ಯಾಬ್ ಮೈಸೂರು
ಬೇಡ ಅಂತೀನಿ. ಓ ಬಂದಿದ್ದು ಅಸಾಧ್ಯ ಆಗಿದ್ರೆ ಆ ಮಾತು ಬೇರೆ. ಬಿ ಮತ್ತು ಬಿ ಗೆ ಓ ಹುಟ್ಟೋದು ಪುಸ್ತಕದ ಮೊದಲ ಪುಟದಲ್ಲೇ ಇರೋ ವಿಷಯ. ತಪ್ಪೇ ಮಾಡದಿರೋಳು ಯಾಕೆ ಪರೀಕ್ಷೆ ಕೊಡ್ಬೇಕು ಸಾರ್? ಒಂದ್ಸಲ ಕೊಟ್ರೆ ನಾಳೆ ಮಗು ಬಣ್ಣ ಕಪ್ಪು ಅಂತ ಇನ್ನೊಂದು ಕೇಳ್ತಾರೆ.

ಬಸವನಗುಡಿ ಅಕ್ಕ
ಬಣ್ಣ ಅಂದ್ರಲ್ಲ ಅದಕ್ಕೆ ಹೇಳ್ತೀನಿ, ರಕ್ತದ ಗ್ರೂಪ್ ಥರ ಎಲ್ಲಾ ಗುಣಾನೂ ಒಂದೇ ಜೀನಿಂದ ಬರಲ್ಲ, ಇದನ್ನೂ ಜನ ಕಲೆಸಿಬಿಡ್ತಾರೆ. ಮೈಬಣ್ಣಕ್ಕೆ ಹತ್ತಾರು ಜೀನ್ ಸೇರತ್ತೆ, ಎತ್ತರಕ್ಕಂತೂ 2022ರಲ್ಲಿ ಐವತ್ತು ಲಕ್ಷಕ್ಕೂ ಜಾಸ್ತಿ ಜನರ ಡಿಎನ್‌ಎ ಇಟ್ಕೊಂಡು ನೋಡಿದಾಗ ಸುಮಾರು 12,000 ಜಾಗಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಸಿಕ್ಕಿತ್ತು. ಅದರ ಮೇಲೆ ಚಿಕ್ಕ ವಯಸ್ಸಲ್ಲಿ ಏನು ತಿಂದ್ರು ಅನ್ನೋದೂ ಸೇರತ್ತೆ. ಅದಕ್ಕೇ ಬಣ್ಣ, ಎತ್ತರ ಅಪ್ಪ ಅಮ್ಮನ ಮಧ್ಯೆ ಎಲ್ಲೋ ಒಂದು ಕಡೆ ಬಂದು ನಿಲ್ಲತ್ತೆ, ಓ ಅಥವಾ ಬಿ ಅನ್ನೋ ಹಾಗೆ ಕಡ್ಡಿ ತುಂಡು ಮಾಡಿದ ಹಾಗಿರಲ್ಲ. ನಾನು ಬಸುರೀಲಿ ಒಂಬತ್ತು ತಿಂಗಳು ಕೇಸರಿ ಹಾಲು ಕುಡಿದೆ ಬೆಳ್ಳಗಿರೋ ಮಗು ಹುಟ್ಲಿ ಅಂತ ನಮ್ಮಮ್ಮ ಬಲವಂತ ಮಾಡಿದ್ರು. ಮಗಳು ನಮ್ಮವ್ರ ಬಣ್ಣ. ಕೇಸರಿ ಜೀನ್ ತಂಟೆಗೆ ಹೋಗಲ್ಲ.

ತುಮಕೂರಿನ ಬಾಣಂತಿ
ಓದಿ ಓದಿ ಅತ್ತುಬಿಟ್ಟೆ. ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಒಂದು ಅರ್ಥ ಆಗ್ಲಿಲ್ಲ, ಓ ಜೀನ್ ಏನೂ ಮಾಡಲ್ಲ ಅಂದ್ರಲ್ಲ, ಏನೂ ಮಾಡ್ದೇ ಇರೋದು ಜೀನ್ ಹೇಗೆ ಆಗತ್ತೆ?

ಸಾಗರದ ಮೇಷ್ಟ್ರು
ಬಹಳ ಒಳ್ಳೇ ಪ್ರಶ್ನೆ, ನನ್ನ ಕ್ಲಾಸಲ್ಲಿ ಇದನ್ನು ಕೇಳಿದವರು ಒಬ್ಬರೋ ಇಬ್ಬರೋ. ಜೀನ್ ಅಂದ್ರೆ ಬರವಣಿಗೆ. ಜೀವಕೋಶ ಅದನ್ನು ಮೂರು ಮೂರು ಅಕ್ಷರ ಒಟ್ಟಿಗೆ ಓದ್ತದೆ. "ಅವನ ಮನೆಯ ಎದುರು ಕೆರೆಯ" ಅಂತ ಬರೆದಿದೆ ಅಂದುಕೊಳ್ಳಿ. ಇದರಲ್ಲಿ ನೆ ಒಂದು ಬಿದ್ದು ಹೋಯಿತು, ಓದುವವನು ಮಾತ್ರ ಮೂರು ಮೂರೇ ಓದ್ತಾನೆ. ಆಗ "ಅವನ ಮಯಎ ದುರುಕೆ ರೆಯ" ಆಯಿತು. ಬಿದ್ದದ್ದು ಒಂದೇ ಅಕ್ಷರ, ಅಲ್ಲಿಂದ ಮುಂದೆ ಪೂರ್ತಿ ಅರ್ಥವೇ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಓ ಜೀನಿನಲ್ಲಿ ಆಗಿರೋದು ಹೀಗೇ, ಎ ಜೀನಿನ ಬರಹದಲ್ಲಿ ಒಂದೇ ಒಂದು ಅಕ್ಷರ ಬಿಟ್ಟು ಹೋಗಿದೆ. ಹಾಗಾಗಿ ಸಕ್ಕರೆ ತಗುಲಿಸುವ ಕಿಣ್ವ ತಯಾರಾಗೋದೇ ಇಲ್ಲ. 1990ರಲ್ಲಿ ಇದು ಗೊತ್ತಾಯಿತು. ಅದೇ 1990ರಲ್ಲಿ ಮೆಂಡೆಲರ ಸುಕ್ಕು ಬಟಾಣಿಯ ಗುಟ್ಟೂ ಹೊರಬಿತ್ತು. ಅಲ್ಲಿ ಪಿಷ್ಟ ಕಟ್ಟುವ ಕಿಣ್ವದ ಜೀನಿನ ಮಧ್ಯೆ ಎಲ್ಲಿಂದಲೋ ಬಂದ ಒಂದು ಡಿಎನ್‌ಎ ತುಂಡು ಕೂತು ಕೆಲಸ ಕೆಡಿಸಿದೆ. ಪಿಷ್ಟ ಸರಿಯಾಗಿ ಕಟ್ಟದೆ ಸಕ್ಕರೆ, ನೀರು ಜಾಸ್ತಿ ಉಳಿದು ಕಾಳು ಒಣಗುವಾಗ ಸುಕ್ಕಾಗ್ತದೆ. ಹಾಳಾದ ಪ್ರತಿಯ ಜೊತೆ ಒಂದು ಒಳ್ಳೇ ಪ್ರತಿ ಇದ್ದರೆ ಅದೇ ಕೆಲಸ ಸಾಗಿಸ್ತದೆ. ಹಾಳಾದದ್ದು ಹಾಗೇ ಉಳಿದು ಮುಂದಿನವರಿಗೆ ಹೋಗ್ತದೆ.

ಹಾಳಾದದ್ದು ಅಂದೆ ಅಂತ ಗಾಬರಿ ಬೇಡ, ಓ ಗ್ರೂಪಿನವರು ಆರಾಮಾಗಿ ಬದುಕ್ತಾರೆ. ನಾನೂ ಓ.

ಲ್ಯಾಬ್ ಮೈಸೂರು
ಮೇಷ್ಟ್ರೇ ಆ ಮೂರಕ್ಷರದ ಉದಾಹರಣೆ ನಾನು ಕದೀತೀನಿ, ನಮ್ಮ ಟ್ರೇನಿಗಳಿಗೆ ಹೇಳೋಕೆ.

ಗೂಟದ ವಿಷಯದಲ್ಲೇ ಇನ್ನೊಂದಿದೆ. ಗೂಟವೇ ಇಲ್ಲದವರೂ ಇದಾರೆ. 1952ರಲ್ಲಿ ಬಾಂಬೆಯಲ್ಲಿ ಡಾ. ಭೇಂಡೆ ಮತ್ತೆ ಅವ್ರ ಜೊತೆಯವ್ರು ಕಂಡುಹಿಡಿದಿದ್ದು, ಅದಕ್ಕೇ ಬಾಂಬೆ ಗ್ರೂಪ್ ಅಂತ ಹೆಸರು. ಆ ಗೂಟ ಹೊಡೆಯೋಕೆ ಬೇರೆ ಜೀನ್ ಇದೆ, 19ನೇ ವರ್ಣತಂತುವಿನಲ್ಲಿ. ಅದರ ಎರಡೂ ಪ್ರತಿ ಕೆಟ್ಟಿದ್ರೆ ಒಳಗೆ ಎ ಜೀನ್ ಇರ್ಲಿ ಬಿ ಜೀನ್ ಇರ್ಲಿ ತಗುಲಿಹಾಕೋಕೆ ಜಾಗಾನೇ ಇಲ್ಲ. ಟೈಲ್ ಮೇಲೆ ಓ ಅಂತ ಬರತ್ತೆ, ಆದ್ರೆ ಮಾಮೂಲಿ ಓ ರಕ್ತ ಕೊಟ್ರೆ ಅವ್ರ ಮೈ ಅದನ್ನ ಒಡೆದು ಹಾಕತ್ತೆ, ಜೀವಕ್ಕೇ ಅಪಾಯ. ಇಂಥವರಿಗೆ ಎ ಅಥವಾ ಬಿ ಮಗು ಹುಟ್ಟಬಹುದು, ಓ ಅಂತ ಬರೆದಿರೋ ತಾಯಿಗೆ ಓ ಗಂಡನಿಂದ ಬಿ ಮಗು! ಅಲ್ಲೂ ಹೆಂಗಸಿನ ಮೇಲೇ ಕಣ್ಣು ಬೀಳೋದು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ರು ಅಂತಾರೆ, ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್‌ನವ್ರು ಇಂಥ ದಾನಿಗಳ ಪಟ್ಟಿ ಇಟ್ಕೊಂಡಿದಾರೆ. ನಾನು 14 ವರ್ಷದಲ್ಲಿ ನೋಡಿದ್ದು ಇಬ್ರನ್ನ. ಇಬ್ರ ಅಪ್ಪ ಅಮ್ಮನೂ ಸಂಬಂಧದಲ್ಲೇ ಮದುವೆ ಆದವ್ರು.

ಸುಮ್ನೆ ಓದೋನು
ಸಂಬಂಧದಲ್ಲಿ ಮದುವೆ ಅಂದ್ರೆ ಏನು ಪ್ರಾಬ್ಲಂ? ನಮ್ಮಪ್ಪ ನಮ್ಮಮ್ಮನಿಗೆ ಸೋದರಮಾವ. ನಾವು ನಾಲ್ಕು ಜನ ಮಕ್ಕಳು, ಎಲ್ರೂ ಗಟ್ಟಿಮುಟ್ಟಾಗಿದೀವಿ. ಸಗೋತ್ರ ಮಾಡ್ಕೋಬಾರ್ದು ಅಂತ ಹಿರಿಯರು ಹೇಳಿದ್ದು ಇದಕ್ಕೇ ಅಲ್ವಾ, ಅದನ್ನ ನಾವು ಮೀರಿಲ್ಲ.

ಬಸವನಗುಡಿ ಅಕ್ಕ
ನಿಮ್ಮನೆಯವ್ರು ಚೆನ್ನಾಗಿರೋದು ಸಂತೋಷ, ಸಂಬಂಧದಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳು ಚೆನ್ನಾಗೇ ಇರ್ತಾರೆ, ಅದು ನಿಜ. ಆದ್ರೆ ಗೋತ್ರ ಹೋಗೋದು ಗಂಡಿನ ಕಡೆಯಿಂದ ಮಾತ್ರ. ಅಕ್ಕನ ಮಗಳು ಬೇರೆ ಗೋತ್ರ ಆದ್ರೂ ಅವಳ ಜೀನಲ್ಲಿ ಕಾಲು ಭಾಗ ಸೋದರಮಾವನದ್ದೇ ಇರತ್ತೆ, ಹತ್ತು ತಲೆಮಾರಿನ ಹಿಂದೆ ಬೇರೆಯಾದ ಸಗೋತ್ರದವ್ರ ಮಧ್ಯೆ ಹೆಚ್ಚೂಕಮ್ಮಿ ಏನೂ ಉಳಿದಿರಲ್ಲ. ಅತ್ತೆ ಮಗ ಮಾವನ ಮಗಳು ಅಂದ್ರೆ ಎಂಟರಲ್ಲಿ ಒಂದು ಭಾಗ. ಅಜ್ಜಿ ಹತ್ರ ಇದ್ದ ಒಂದು ಕೆಟ್ಟ ಪ್ರತಿ ಎರಡೂ ದಾರಿಯಿಂದ ಬಂದು ಒಂದೇ ಮಗುವಲ್ಲಿ ಸೇರೋ ಸಾಧ್ಯತೆ ಅಲ್ಲಿ ಜಾಸ್ತಿ ಆಗತ್ತೆ, ತೊಂದರೆ ಅದೊಂದೇ. ನಮ್ಮ ರಾಜ್ಯದಲ್ಲಿ ಈಗಲೂ ಸುಮಾರು ನಾಲ್ಕರಲ್ಲಿ ಒಂದು ಮದುವೆ ಸಂಬಂಧದಲ್ಲೇ ಆಗತ್ತೆ, ಹಾಗಾಗಿ ಇದು ಯಾರೋ ದೂರದವ್ರ ವಿಷಯ ಅಲ್ಲ.

ನನ್ನ ತಂಗಿಗೆ ತಲಸ್ಸೇಮಿಯಾ ಅನ್ನೋ ಹುಟ್ಟಿನಿಂದ ಬರೋ ರಕ್ತದ ಕಾಯಿಲೆ ಇರೋ ಮಗ ಇದಾನೆ. ಮೂರು ವಾರಕ್ಕೊಂದು ಸಲ ರಕ್ತ ಹಾಕಿಸ್ಬೇಕು, ಅವನ ಪುಟ್ಟ ಕೈಯಲ್ಲಿ ನರ ಸಿಗಲ್ಲ ಅಂತ ನರ್ಸ್ ಬೆರಳಲ್ಲಿ ತಟ್ಟಿ ತಟ್ಟಿ ಹುಡುಕ್ತಾರೆ, ಅವನು ಈಗ ಅಳೋದೂ ಬಿಟ್ಟಿದಾನೆ. ತಂಗಿ, ಅವಳ ಗಂಡ ಇಬ್ರಿಗೂ ಯಾವ ಕಾಯಿಲೇನೂ ಇಲ್ಲ, ಇಬ್ರಲ್ಲೂ ಒಂದೊಂದು ಪ್ರತಿ ಕೆಟ್ಟಿತ್ತು ಅಷ್ಟೇ. ಎರಡನೇ ಸಲ ಬಸುರಿಯಾದಾಗ ಯಾರೋ ಹೇಳಿದ್ರಂತೆ ನಾಲ್ಕರಲ್ಲಿ ಒಂದು ತಾನೇ, ಒಂದಾಯ್ತಲ್ಲ ಇನ್ನು ಮೂರು ಚೆನ್ನಾಗಿರತ್ತೆ ಬಿಡು ಅಂತ. ದಯವಿಟ್ಟು ಹೀಗೆ ಯಾರಿಗೂ ಹೇಳ್ಬೇಡಿ. ಪ್ರತಿ ಬಸುರಿಗೂ ಹೊಸದಾಗಿ ನಾಲ್ಕರಲ್ಲಿ ಒಂದು, ಹಿಂದಿನದರ ನೆನಪು ಜೀನಿಗಿಲ್ಲ. ಮದುವೆಗೆ ಮುಂಚೆ ಜಾತಕದ ಜೊತೆ ಎಚ್‌ಬಿ ಎ2 ಅಂತ ಒಂದು ರಕ್ತ ಪರೀಕ್ಷೆ ಮಾಡಿಸಿದ್ರೆ ಅವತ್ತೇ ಗೊತ್ತಾಗ್ತಿತ್ತು.

ಸುಮ್ನೆ ಓದೋನು
ಅಕ್ಕ ಕ್ಷಮಿಸಿ, ಗೊತ್ತಿರ್ಲಿಲ್ಲ. ನನ್ನ ತಮ್ಮನಿಗೆ ಮಾವನ ಮಗಳ ಜೊತೆ ಮಾತುಕತೆ ನಡೀತಿದೆ. ಆ ಟೆಸ್ಟ್ ಇಬ್ರಿಗೂ ಮಾಡಿಸ್ಬೇಕಾ?

ಬಸವನಗುಡಿ ಅಕ್ಕ
ಮೊದಲು ಒಬ್ಬರಿಗೆ ಮಾಡ್ಸಿ, ಅವ್ರಲ್ಲಿ ಇಲ್ಲ ಅಂದ್ರೆ ಆ ಒಂದು ಕಾಯಿಲೆ ಮಟ್ಟಿಗೆ ಚಿಂತೆ ಕಮ್ಮಿ. ಇದ್ರೆ ಇನ್ನೊಬ್ಬರಿಗೂ ಮಾಡ್ಸಿ. ಹತ್ತಿರದ ಸಂಬಂಧ ಆದ್ರಿಂದ ಒಂದ್ಸಲ ಜೆನೆಟಿಕ್ ಕೌನ್ಸೆಲಿಂಗ್‌ಗೂ ಹೋಗಿ ಬನ್ನಿ ತಮ್ಮಾ.

ತುಮಕೂರಿನ ಬಾಣಂತಿ
ಹತ್ತು ದಿನ ಆದ್ಮೇಲೆ ಬರೀತಿದೀನಿ. ಮಗುದು ಮತ್ತೆ ನೋಡ್ಸಿದ್ವಿ, ಓ ನೆಗೆಟಿವ್ವೇ.

ಆಮೇಲೆ ನಾನೇ ಒಂದು ನೋಟ್‌ಬುಕ್ಕಲ್ಲಿ ಎರಡೂ ಮನೆಯವ್ರ ಹೆಸರು ಬರ್ಕೊಂಡು ಒಬ್ಬೊಬ್ಬರದೇ ಗ್ರೂಪ್ ಕೇಳಿ ಹಾಕ್ತಾ ಹೋದೆ. ನಮ್ಮಮ್ಮ ಓ ಪಾಸಿಟಿವ್. ಅಂದ್ರೆ ಅಮ್ಮ ನನಗೆ ಕೊಡೋಕೆ ಓ ಬಿಟ್ಟು ಬೇರೇನೂ ಇಲ್ಲ, ನನ್ನಲ್ಲಿ ಓ ಇರೋದು ಗ್ಯಾರಂಟಿ. ಅತ್ತೆಗೆ ಗರ್ಭಕೋಶದ ಆಪರೇಷನ್ ಆದಾಗಿನ ಫೈಲ್ ನಮ್ಮನೆಯವ್ರು ಹುಡುಕಿ ಫೋಟೋ ಕಳಿಸಿದ್ರು, ಎ ಪಾಸಿಟಿವ್. ಮಾವ ಇಲ್ಲ, ಅವ್ರು ರಕ್ತದಾನ ಮಾಡಿದ್ದ ಹಳೇ ಕಾರ್ಡ್ ಸಿಕ್ತು, ಬಿ ಪಾಸಿಟಿವ್. ಇಲ್ಲಿ ನಾನು ಅರ್ಧ ಗಂಟೆ ಕೂತೆ. ಅತ್ತೆ ಎ, ಮಗ ಬಿ. ಅತ್ತೆ ಎ ಕೊಟ್ಟಿದ್ರೆ ಮಗ ಎಬಿ ಆಗ್ಬೇಕಿತ್ತು. ಆಗಿಲ್ಲ. ಅಂದ್ರೆ ಅತ್ತೆ ಕೊಟ್ಟಿದ್ದು ಓ! ಸರಿ ತಾನೇ? ಅವ್ರ ವಂಶದಲ್ಲೇ ಇಲ್ಲ ಅಂದ ಓ ಅವ್ರಿಂದ್ಲೇ ಮಗನಿಗೆ ಬಂದು ಮಗನಿಂದ ನನ್ನ ಮಗಳಿಗೆ ಬಂದಿದೆ. ನಾದಿನಿಗೆ ಫೋನ್ ಮಾಡಿದೆ, ಅವಳು ಎ ನೆಗೆಟಿವ್ ಅಂತೆ, ಹೆರಿಗೆ ಟೈಮಲ್ಲಿ ದುಬಾರಿ ಇಂಜೆಕ್ಷನ್ ತಗೊಂಡಿದ್ಲಂತೆ, ಅತ್ತೆಗೆ ಅದು ನೆನಪೇ ಇಲ್ಲ.

ಒಂದು ವಿಷಯ ಮಾತ್ರ ಹೇಳೋಕೆ ಕಷ್ಟ ಆಗ್ತಿದೆ. ನೆಗೆಟಿವ್ ನನ್ನ ಕಡೆಯಿಂದ ಎಲ್ಲಿಂದ ಬಂತು ಅಂತ ಅಪ್ಪನ್ನ ಕೇಳಿದ್ರೆ ಅವ್ರ ಅಕ್ಕನ ಹೆಸರು ಹೇಳಿದ್ರು. ನಮ್ಮ ಸೋದರತ್ತೆ ನೆಗೆಟಿವ್. ಮೊದಲನೇ ಮಗು ಚೆನ್ನಾಗಿ ಹುಟ್ಟಿ ಆಮೇಲೆ ಮೂರು ಮಕ್ಕಳು ಹುಟ್ಟಿ ಎರಡು ಮೂರು ದಿನಕ್ಕೆ ಅರಿಶಿನದ ಥರ ಹಳದಿಯಾಗಿ ಹೋಗ್ಬಿಟ್ವಂತೆ. ಊರಲ್ಲಿ ಅವ್ರನ್ನ ಸೀಮಂತಕ್ಕೆ ಕರೀತಾ ಇರ್ಲಿಲ್ಲ. ಅವ್ರು ಈಗ ನಮ್ಮನೆಗೆ ಬಂದಾಗ ಮಗುನ ಎತ್ಕೊಳ್ಳೋಕೆ ಮುಂಚೆ ನನ್ನ ಮುಖ ನೋಡ್ತಾರೆ, ಎತ್ಕೊಳ್ಲಾ ಅಂತ.

ಲ್ಯಾಬ್ ಮೈಸೂರು
ತಂಗಿ ನಿಮ್ಮ ಲೆಕ್ಕ ನೂರಕ್ಕೆ ನೂರು ಸರಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾದಿನಿ ಎ ಅಂದ್ರೆ ಮಾವ ಅವರಿಗೆ ಬಿ ಕೊಟ್ಟಿಲ್ಲ, ಓ ಕೊಟ್ಟಿದಾರೆ. ಅತ್ತೆ ಮಾವ ಇಬ್ರಲ್ಲೂ ಓ ಇತ್ತು, ನಾದಿನಿ ನೆಗೆಟಿವ್ ಆಗಿರೋದ್ರಿಂದ ನೆಗೆಟಿವ್ ಪ್ರತೀನೂ ಇಬ್ರಲ್ಲೂ ಇತ್ತು. ಆ ಮನೇಲಿ ಓ ನೆಗೆಟಿವ್ ಮಗು ನಿಮ್ಮ ಮದುವೆಗೂ ಮುಂಚೇನೇ ಹುಟ್ಬಹುದಿತ್ತು.

ಸೋದರತ್ತೆಗೆ ಆಗಿದ್ದು ನೀವು ಬರೆದಿರೋದು ನೋಡಿದ್ರೆ ನೆಗೆಟಿವ್ ತಾಯಿ ಪಾಸಿಟಿವ್ ಮಗು ತೊಂದರೆ ಥರಾನೇ ಇದೆ. ಮೊದಲ ಹೆರಿಗೇಲಿ ಮಗು ರಕ್ತ ತಾಯಿಗೆ ಸೇರಿ ತಾಯಿ ಮೈ ಅದರ ವಿರುದ್ಧ ತಯಾರಾಗಿಬಿಡತ್ತೆ, ಮುಂದಿನ ಮಕ್ಕಳ ರಕ್ತ ಒಡೆಯೋಕೆ ಶುರುವಾಗತ್ತೆ, ಕಾಮಾಲೆ ಏರತ್ತೆ. ನಾದಿನಿ ತಗೊಂಡಿದ್ದು ಅದನ್ನ ತಡೆಯೋ ಆಂಟಿ ಡಿ ಇಂಜೆಕ್ಷನ್, ಹೆರಿಗೆ ಆಗಿ 72 ಗಂಟೆ ಒಳಗೆ ಕೊಡ್ತಾರೆ, ಏಳನೇ ತಿಂಗಳ ಹೊತ್ತಿಗೂ ಕೊಡ್ತಾರೆ. ಪ್ರಪಂಚದಲ್ಲಿ ಬಳಕೆಗೆ ಬಂದಿದ್ದೇ 1968ರಲ್ಲಿ, ಹಳ್ಳಿಗಳಿಗೆ ತಲುಪೋಕೆ ಇನ್ನೆಷ್ಟು ವರ್ಷ ಹಿಡೀತೋ. ನಿಮ್ಮ ಸೋದರತ್ತೆಗೆ ಇದನ್ನ ಯಾರಾದ್ರೂ ಕೂತ್ಕೊಂಡು ಬಿಡಿಸಿ ಹೇಳಿದಾರಾ?

ತುಮಕೂರಿನ ಬಾಣಂತಿ
ಇಲ್ಲ ಅಣ್ಣ, ಯಾರೂ ಹೇಳಿಲ್ಲ. ಭಾನುವಾರ ಬರ್ತಾರೆ, ನಾನು ಹೇಳ್ತೀನಿ. ಅತ್ತೆಗೂ ನೋಟ್‌ಬುಕ್ ತೋರಿಸಿದೆ ವಿಡಿಯೋ ಕಾಲಲ್ಲಿ, ಅವ್ರು ಪೂರ್ತಿ ಒಪ್ಪಿಲ್ಲ, ನನಗೆ ಈ ಲೆಕ್ಕ ಎಲ್ಲಾ ತಿಳಿಯಲ್ಲಮ್ಮ ಅಂದ್ರು. ನಾದಿನಿ ಮಾತ್ರ ಪಕ್ಕದಲ್ಲೇ ಕೂತು ಎರಡನೇ ಸಲ ಅವ್ರಿಗೆ ವಿವರಿಸ್ತಾ ಇದ್ಲು. ಮಗಳು ದೊಡ್ಡವಳಾದ್ಮೇಲೆ ಅವಳಿಗೂ ಆ ಇಂಜೆಕ್ಷನ್ ಬೇಕಾಗತ್ತಾ?

ಲ್ಯಾಬ್ ಮೈಸೂರು
ಅವಳ ಗಂಡನೂ ನೆಗೆಟಿವ್ ಆದ್ರೆ ಬೇಡ, ಪಾಸಿಟಿವ್ ಆದ್ರೆ ಡಾಕ್ಟರ್ ನೋಡಿ ಕೊಡ್ತಾರೆ. ನಮ್ಮಲ್ಲಿ ನೆಗೆಟಿವ್ ಇರೋರು ನೂರಕ್ಕೆ ಐದಾರು ಜನ ಮಾತ್ರ, ಹಾಗಾಗಿ ಬೇಕಾಗೋ ಸಾಧ್ಯತೆಯೇ ಜಾಸ್ತಿ. ಆ ಕಾರ್ಡ್ ಲ್ಯಾಮಿನೇಷನ್ ಮಾಡಿಸಿ ಇಟ್ಕೊಳ್ಳಿ, ನೋಟ್‌ಬುಕ್ಕಿನ ಆ ಹಾಳೆಯನ್ನೂ ಜೊತೇಲೇ ಇಡಿ.